ಗಾವುದದ ಲೆಕ್ಕ, ಗಂಟೆಯ ಲೆಕ್ಕ

ಹನಗೋಡಿನಿಂದ ಹುಣಸೂರು ದಾಟಿ ಮೈಸೂರಿಗೆ ಹೊರಟ ಹಿಂದಿನ ಕಾಲದ ಗಾಡಿಯವನಿಗೆ ದೂರವೆಂದರೆ ಬರಿಯ ಹರದಾರಿ, ಗಾವುದಗಳ ಲೆಕ್ಕವಲ್ಲ. ಎತ್ತುಗಳಿಗೆ ಎಲ್ಲಿ ನೀರು ಕುಡಿಸಬೇಕು, ಇರುಳು ಎಲ್ಲಿ ತಂಗಬೇಕು, ಹೊಳೆ ಎಷ್ಟು ತುಂಬಿದೆ ಎಂಬುದೇ ಅವನ ದೂರ. ಇಂದು ಮೈಸೂರು ಸೀಮೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕೆಯಲ್ಲಿದ್ದಾರೆ. ಊರಿನಲ್ಲಿ ಹಿರಿಯರಿಗೆ ಕಾಯಿಲೆಯೆಂದು ಫೋನ್ ಬಂದಾಗ ಅವರು ಲೆಕ್ಕ ಹಾಕುವುದೂ ಕಿಲೋಮೀಟರುಗಳನ್ನಲ್ಲ, ಗಂಟೆಗಳನ್ನು.

ಈ ಲೆಕ್ಕ ರಾಜ್ಯಗಳ ಹಣೆಬರಹವನ್ನೂ ತಟ್ಟಿದೆ. ಇಂಗ್ಲಿಷರ ವಿರುದ್ಧ ನೆರವು ಕೋರಿ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದ. 1787ರ ಜುಲೈಯಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದ ಅವರು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ತೂಲೋನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ; ಹೆಚ್ಚುಕಡಿಮೆ ಹನ್ನೊಂದು ತಿಂಗಳು! ದೊರೆ ಹದಿನಾರನೆಯ ಲೂಯಿಯ ದರ್ಶನವೇನೋ ಆಯಿತು, ಬಯಸಿದ ನೆರವು ಸಿಗಲಿಲ್ಲ. ಮರುವರ್ಷ ಅಲ್ಲಿ ಕ್ರಾಂತಿಯೇ ಆಯಿತು. ಮುಂದೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಸುದ್ದಿಯೂ ಲಂಡನ್ ತಲುಪಿದ್ದು ಸೆಪ್ಟೆಂಬರ್‌ನಲ್ಲಿ.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಆಫ್ರಿಕಾದ ಸುತ್ತು ತಪ್ಪಿತು. ಆಮೇಲೆ ಬಂದದ್ದು ವಿಮಾನ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಅದನ್ನು ಮದ್ರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಎತ್ತಿನಗಾಡಿಯಂತೆ ವಿಮಾನಕ್ಕೂ ಆಗ ತಂಗುದಾಣ ಬೇಕಿತ್ತು. 1948ರ ಜೂನ್ 8ರಂದು ಮುಂಬಯಿ ಬಿಟ್ಟ ಏರ್ ಇಂಡಿಯಾದ ಮೊದಲ ಲಂಡನ್ ವಿಮಾನವೂ ಕೈರೊ, ಜಿನೀವಾಗಳಲ್ಲಿ ಇಳಿದೇ ಮುಂದೆ ಸಾಗಿತು.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದರು. ನೇರ ದೂರ ಸುಮಾರು 14,000 ಕಿ.ಮೀ.; ಹಾರಾಟ ಸುಮಾರು 17 ಗಂಟೆ. ಇಳಿದದ್ದು ಮಾತ್ರ 11ರ ಬೆಳಗಿನ ಜಾವ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದೇ ಇದಕ್ಕೆ ಕಾರಣ.

ಆ ವಿಮಾನ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಗೋಡೆಯ ಭೂಪಟದಲ್ಲಿ ಇದು ಸುತ್ತುದಾರಿಯಂತೆ ಕಾಣುತ್ತದೆ. ಆದರೆ ಭೂಮಿ ಚಪ್ಪಟೆಯಲ್ಲವಲ್ಲ! ಕುಂಬಳಕಾಯಿಯ ಎರಡು ಮಗ್ಗುಲಲ್ಲಿ ಚುಕ್ಕೆಯಿಟ್ಟು ನಡುವೆ ದಾರ ಬಿಗಿದು ನೋಡಿ. ಅದು ನಡುಸೊಂಟವನ್ನು ಬಳಸದೆ ತೊಟ್ಟಿನ ಬಳಿಯೇ ಹಾಯುತ್ತದೆ.

ದೂರ ಅಷ್ಟೇ ಇದ್ದರೂ ಸಮಯ ಒಂದೇ ಆಗಿರುವುದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯಿಂದಾಗಿ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಸಾಮಾನ್ಯವಾಗಿ ಬೇಗ. ರಾಜಕೀಯದ ಗಾಳಿಯೂ ಉಂಟು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟವು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು, ದಾರಿ ಉದ್ದವಾಯಿತು.

ಹೊಳೆ ತುಂಬಿದರೆ ಗಾಡಿ ನಿಲ್ಲುತ್ತಿದ್ದ ಕಾಲ ಹೋಯಿತು, ನಿಜ. ಆದರೆ ದಾರಿ ಬಿಟ್ಟುಕೊಡುವವರು ಇದ್ದರೆ ಮಾತ್ರ ದೂರ ಹತ್ತಿರವಾಗುತ್ತದೆ ಎಂಬ ಮಾತು ಆಕಾಶದಲ್ಲೂ ಬದಲಾಗಿಲ್ಲ.