ಕುಂಡದಿಂದ ಕುಂಡಕ್ಕೆ ಮನಿ ಪ್ಲಾಂಟ್

ಮುಂಬಯಿ, ಪುಣೆಗಳ ನಮ್ಮವರ ಮನೆಗಳಲ್ಲಿ ಬೇರಾವ ಗಿಡಕ್ಕೆ ಜಾಗವಿಲ್ಲದಿದ್ದರೂ ಮನಿ ಪ್ಲಾಂಟಿಗೆ ಒಂದು ಬಾಟಲಿಯಾದರೂ ಉಂಟು. ಇದರ ತವರು ಪೆಸಿಫಿಕ್ ಸಾಗರದ ಸೊಸೈಟಿ ದ್ವೀಪಗಳಲ್ಲೊಂದಾದ ಮೊರಿಯಾ. 1880ರಲ್ಲಿ ಯುರೋಪಿನ ಸಸ್ಯಜ್ಞರು ಇದನ್ನು ಪೋಥೋಸ್ ಎಂದು ಕರೆದರು. 1908ರಲ್ಲಿ ಸಿಂಡಾಪ್ಸಸ್ ಕುಲಕ್ಕೆ ಸೇರಿಸಿದರು. ಕುಲನಿರ್ಣಯಕ್ಕೆ ಹೂ ನೋಡಬೇಕು. ಈ ಬಳ್ಳಿ ಹೂ ಬಿಡುವುದೇ ತೀರ ಅಪರೂಪ! 1960ರ ದಶಕದ ಆರಂಭದಲ್ಲಿ ಹೂ ಕಂಡ ಮೇಲೆ ಇನ್ನೊಂದು ಕುಲಕ್ಕೆ ಹೋಗಿ, 1964ರಲ್ಲಿ ಎಪಿಪ್ರೆಮ್ನಮ್ ಆಗಿ ನೆಲೆಸಿತು. ಪಂಡಿತರೂ ಕುಂಡ ಬದಲಾಯಿಸುತ್ತಲೇ ಇದ್ದರೆನ್ನಿ.

ಹೂ ಬಿಡದಿರುವ ಕಾರಣ 2016ರಲ್ಲಿ ತಿಳಿಯಿತು. ಗಿಬ್ಬೆರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾರ್ಮೋನು ಸಿಂಪಡಿಸಿದಾಗ ಹೂ ಬಂತು. ಹೂವಿಲ್ಲದೆ ಬೀಜವಿಲ್ಲ. ಎಂದರೆ ನಮ್ಮ ಕಿಟಕಿಗಳವರೆಗೆ ಇದು ಬಂದದ್ದು ಗೆಣ್ಣುಳ್ಳ ತುಂಡುಗಳಾಗಿ, ಕೈಯಿಂದ ಕೈಗೆ. ಕದ್ದು ತಂದರೇ ಹಣ ಎಂಬ ನಂಬಿಕೆಗೂ ಇದು ಅನುಕೂಲವೇ!

ಕುಂಡದ ತೂತಿನಿಂದ ಬೇರು ಇಣುಕಿದರೆ ಒಂದೆರಡು ಅಂಗುಲ ಹೆಚ್ಚು ಅಗಲದ ಹೊಸ ಕುಂಡಕ್ಕೆ, ನೀರು ನಿಲ್ಲದ ಸಡಿಲ ಮಣ್ಣಿಗೆ ಬದಲಿಸಬೇಕು. ಅತಿ ದೊಡ್ಡದು ಬೇಡ. ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಕುಂಡದಲ್ಲಿ ಅಂಗೈಯಷ್ಟಿರುವ ಎಲೆ, ಮರ ಹತ್ತಿದರೆ ಮೊಳದುದ್ದ ಬೆಳೆದು ಸೀಳುತ್ತದೆ. ಶ್ರೀಲಂಕಾ, ಹವಾಯಿಗಳ ಕಾಡುಗಳಲ್ಲಿ ಹೀಗೆ ಹಬ್ಬಿ ಅದು ಕಳೆಯೇ ಆಗಿದೆ. ಕತ್ತರಿಸಿದ ತುಂಡುಗಳನ್ನು ಊರಿನ ತೋಟದ ಬೇಲಿಗೆ ಎಸೆಯಬೇಡಿ, ನೆರೆಮನೆಯವರಿಗೆ ಕೊಡಿ. ಅವರಿಗೆ ಕದಿಯುವ ಶ್ರಮ ತಪ್ಪುತ್ತದೆ.