ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ನಂತರದ ಗರ್ಭಧಾರಣೆ: ಅಧ್ಯಯನದ ಇತಿಹಾಸ

ಗರ್ಭನಿರೋಧಕ ಮಾತ್ರೆಯ ಸೇವನೆ ನಿಂತ ಮೇಲೆ ಅಂಡೋತ್ಪತ್ತಿ ಮರಳಿ, ಹೆಣ್ಣಿಗೆ ಬಸಿರಾಗುವ ಶಕ್ತಿ ಮೊದಲಿನಂತಾಗುವುದನ್ನು ವೈದ್ಯಶಾಸ್ತ್ರದಲ್ಲಿ ಫಲವತ್ತತೆಯ ಮರಳುವಿಕೆ ಎನ್ನುತ್ತಾರೆ. ಮಾತ್ರೆಯಲ್ಲಿರುವ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಬಗೆಯ ಹಾರ್ಮೋನುಗಳು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸುತ್ತವೆ. ಅಲ್ಲಿಂದ ಸೂಚನೆ ಬಾರದೆ ಅಂಡಾಶಯದಲ್ಲಿ ಅಂಡ ಬಲಿಯುವುದಿಲ್ಲ. ನುಂಗುವುದು ನಿಂತ ಕೆಲವೇ ದಿನಗಳಲ್ಲಿ ಈ ಹಾರ್ಮೋನುಗಳು ದೇಹದಿಂದ ಹೊರಬೀಳುತ್ತವೆ. ಹಾಗಿದ್ದರೂ "ವರ್ಷಗಟ್ಟಲೆ ಮಾತ್ರೆ ನುಂಗಿದರೆ ಆಮೇಲೆ ಮಕ್ಕಳಾಗುವುದಿಲ್ಲ" ಎಂಬ ಅಂಜಿಕೆಗೆ ಮಾತ್ರೆಯಷ್ಟೇ ವಯಸ್ಸಾಗಿದೆ. ವೈದ್ಯರ ಉತ್ತರವೂ ಅರವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಮಾತ್ರೆ ಬಿಟ್ಟವರನ್ನು ಯಾರ ಜೊತೆಗೆ ಹೋಲಿಸಿದರು, ತಿಂಗಳುಗಳನ್ನು ಎಲ್ಲಿಂದ ಎಣಿಸಿದರು ಎಂಬುದೇ ಈ ಬದಲಾವಣೆಗೆ ಬಹುಮಟ್ಟಿಗೆ ಕಾರಣ.

ವಿಚಿತ್ರವೆಂದರೆ, ಮಾತ್ರೆಯ ಮೊದಲ ಪ್ರಯೋಗಗಳು ನಡೆದದ್ದು ಮಕ್ಕಳಿಲ್ಲದೆ ಕೊರಗುತ್ತಿದ್ದ ಹೆಂಗಸರ ಮೇಲೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ ಬಂಜೆತನದ ಚಿಕಿತ್ಸೆಗೆ ಹೆಸರಾಗಿದ್ದ ಜಾನ್ ರಾಕ್, 1950ರ ದಶಕದ ಆರಂಭದಲ್ಲಿ 80 ಮಹಿಳೆಯರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್‌ಗಳನ್ನು ಒಟ್ಟಿಗೆ ಕೊಟ್ಟರು. ಅಂಡಾಶಯಕ್ಕೆ ಕೆಲವು ತಿಂಗಳು ಬಿಡುವು ಕೊಟ್ಟರೆ ಮುಂದೆ ಅದು ಹುರುಪಿನಿಂದ ಕೆಲಸ ಮಾಡೀತು ಎಂಬುದು ಅವರ ಊಹೆ. ಔಷಧ ನಿಲ್ಲಿಸಿದ ನಾಲ್ಕು ತಿಂಗಳೊಳಗೆ 13 ಮಂದಿ ಬಸಿರಾದರು. ಇದಕ್ಕೆ 'ರಾಕ್ ಮರುಪುಟಿತ' ಎಂಬರ್ಥದ ಹೆಸರೇ ಬಿತ್ತು. ಆದರೆ ಔಷಧವಿಲ್ಲದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡಿರಲಿಲ್ಲವಾದ್ದರಿಂದ, ಈ ಬಸಿರು ಔಷಧದ ಫಲವೋ ಕಾಲದ ಫಲವೋ ಹೇಳುವಂತಿರಲಿಲ್ಲ.

ಆ ಚಿಕಿತ್ಸೆ ಹೆಂಗಸರಿಗೆ ಸುಲಭವಾಗಿರಲಿಲ್ಲ. ತಿಂಗಳು ತಿಂಗಳಾದರೂ ಮುಟ್ಟಿಲ್ಲ, ವಾಂತಿ ಬರುವಂತಾಗುತ್ತದೆ, ಮೊಲೆ ನೋಯುತ್ತದೆ. ಬಸಿರಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರೂ ಮಗುವಿಗಾಗಿ ಹಂಬಲಿಸುತ್ತಿದ್ದವರು ನಂಬಲು ಸಿದ್ಧರಿರಲಿಲ್ಲ, ಕಡೆಗೆ ನಿರಾಸೆಪಟ್ಟರು. ವೂಸ್ಟರ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಗ್ರೆಗರಿ ಪಿಂಕಸ್ ಇದಕ್ಕೊಂದು ದಾರಿ ಸೂಚಿಸಿದರು: ಇಪ್ಪತ್ತು ದಿನ ಔಷಧ ಕೊಟ್ಟು ನಿಲ್ಲಿಸಿದರೆ ಮುಟ್ಟಿನಂತೆ ರಕ್ತಸ್ರಾವವಾಗುತ್ತದೆ. ಇಂದಿನ ಮಾತ್ರೆ ಪಟ್ಟಿಯಲ್ಲಿರುವ ಒಂದು ವಾರದ ಬಿಡುವಿಗೆ ಮೂಲ ಇದೇ. 1954ರ ಕೊನೆಯಿಂದ ರಾಕ್ ಮತ್ತು ಪಿಂಕಸ್ ಇದೇ ಕ್ರಮದಲ್ಲಿ 50 ಮಹಿಳೆಯರಿಗೆ ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಬಗೆಯ ಕೃತಕ ಹಾರ್ಮೋನು, ಕೊಟ್ಟರು. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಏಳು ಮಂದಿ ಗರ್ಭ ಧರಿಸಿದರು. ಆ ರಾಜ್ಯದಲ್ಲಿ ಗರ್ಭನಿರೋಧಕ್ಕೆ ಕಾನೂನಿನ ಅಡ್ಡಿಯಿದ್ದುದರಿಂದ ಇದನ್ನೂ ಬಂಜೆತನದ ಅಧ್ಯಯನವೆಂದೇ ಕರೆದರು. ದೊಡ್ಡ ಪ್ರಯೋಗ 1956ರಲ್ಲಿ ಪೋರ್ಟೊ ರಿಕೊದ ರಿಯೊ ಪಿಯೆದ್ರಾಸ್‌ನಲ್ಲಿ ಶುರುವಾಯಿತು.

1960ರಲ್ಲಿ ಅಮೆರಿಕ ಸರ್ಕಾರ ಎನೊವಿಡ್ ಮಾತ್ರೆಯನ್ನು ಗರ್ಭನಿರೋಧಕವಾಗಿ ಮಾರಲು ಒಪ್ಪಿಗೆ ಕೊಟ್ಟಿತು. ಬಹುಕಾಲದ ಬಳಕೆಯಿಂದ ಏನಾದೀತೆಂಬ ಅನುಮಾನವಿದ್ದುದರಿಂದ ಎರಡು ವರ್ಷದ ಮಿತಿಯನ್ನೂ ಹಾಕಿತು. ಆ ಅನುಮಾನಕ್ಕೆ ಬೇಗನೆ ಮೈ ಬಂತು. 1966ರಲ್ಲಿ ಸಿಡ್ನಿಯ ರಾಡ್ನಿ ಶೀರ್ಮನ್, ಮಾತ್ರೆ ಬಿಟ್ಟ ಮೇಲೆ ತಿಂಗಳುಗಟ್ಟಲೆ ಮುಟ್ಟಾಗದೆ ಉಳಿದವರ ವಿವರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 'ಮಾತ್ರೆಯ ನಂತರದ ಮುಟ್ಟುನಿಲುಗಡೆ' ಒಂದು ಪ್ರತ್ಯೇಕ ರೋಗವೆಂಬಂತೆ ಪಠ್ಯಪುಸ್ತಕಗಳಿಗೆ ಸೇರಿತು.

ಇದರಲ್ಲಿದ್ದ ಗೋಜಲನ್ನು ತಿಳಿಯಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯನ್ನು ಕೈಗೆತ್ತಿಕೊಂಡರೆ ಸಾಕು. ಅದರಲ್ಲಿ 28 ಮಾತ್ರೆಗಳಿವೆ. ಹಾರ್ಮೋನು ಇರುವುದು 21ರಲ್ಲಿ ಮಾತ್ರ. ಉಳಿದ ಏಳು ಕಬ್ಬಿಣಾಂಶದವು. ಆ ಏಳನ್ನು ನುಂಗುವ ದಿನಗಳಲ್ಲಿ ಹಾರ್ಮೋನು ಇಳಿದು ರಕ್ತಸ್ರಾವವಾಗುತ್ತದೆ. ನೋಡಲು ಮುಟ್ಟಿನಂತಿದ್ದರೂ ಅದರ ಹಿಂದೆ ಅಂಡೋತ್ಪತ್ತಿಯಿಲ್ಲ. ಮೊದಲು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದವಳಿಗೂ ಮಾತ್ರೆಯ ಕಾಲದಲ್ಲಿ ಲೆಕ್ಕ ತಪ್ಪದೆ ಆಗುತ್ತದೆ. ಬಿಟ್ಟ ಮೇಲೆ ಹಳೆಯ ಏರುಪೇರು ಮತ್ತೆ ತಲೆಯೆತ್ತಿದಾಗ ದೂರು ಬರುವುದು ಮಾತ್ರೆಯ ಮೇಲೆ. 1977ರಲ್ಲಿ ಹೊವಾರ್ಡ್ ಜೇಕಬ್ಸ್ ಮತ್ತು ಸಂಗಡಿಗರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ, ಇದು ಮಾತ್ರೆಯಿಂದಾದದ್ದೋ ಕಾಕತಾಳೀಯವೋ ಎಂದು ನೇರವಾಗಿಯೇ ಕೇಳಿದರು. ಅಂಡಾಶಯದ ತೊಂದರೆಯಾದ ಪಿಸಿಓಎಸ್, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಹೆಚ್ಚಳ, ತೀರಾ ತೂಕ ಇಳಿಕೆಯಂಥ ಬೇರೆ ಕಾರಣಗಳನ್ನು ಮಾತ್ರೆಯ ಹೆಸರಲ್ಲಿ ಕೈಬಿಡಬಾರದು ಎಂಬ ತಿಳಿವಳಿಕೆ ಆ ಚರ್ಚೆಯಿಂದ ಗಟ್ಟಿಯಾಯಿತು.

ಎಣಿಕೆಯ ಕೆಲಸ ಬ್ರಿಟನ್‌ನಲ್ಲಿ ನಡೆಯಿತು. 1968ರಲ್ಲಿ ಆರಂಭವಾದ ಆಕ್ಸ್‌ಫರ್ಡ್ ಕುಟುಂಬ ಯೋಜನಾ ಅಧ್ಯಯನ 17,032 ಮಹಿಳೆಯರನ್ನು ದಾಖಲಿಸಿಕೊಂಡಿತ್ತು. ಅದರ ಮುಖ್ಯಸ್ಥ ಮಾರ್ಟಿನ್ ವೆಸ್ಸಿ 1978ರಲ್ಲಿ, ಮಾತ್ರೆ ಬಿಟ್ಟವರನ್ನು ಬೇರೆ ವಿಧಾನ ಬಿಟ್ಟವರ ಜೊತೆ ಹೋಲಿಸಿದರು. ಮೊದಲ ತಿಂಗಳುಗಳಲ್ಲಿ ಮಾತ್ರೆ ಬಿಟ್ಟವರು ಹಿಂದೆ ಬಿದ್ದರು. ಆಗಲೇ ಮಕ್ಕಳಿದ್ದವರಲ್ಲಿ 30 ತಿಂಗಳಿಗೆ, ಮೊದಲ ಮಗುವಿಗೆ ಕಾಯುತ್ತಿದ್ದವರಲ್ಲಿ 42 ತಿಂಗಳಿಗೆ ಆ ಅಂತರ ಅಳಿಸಿಹೋಯಿತು. ಈ ಅಂಕಿಗಳನ್ನು ಕಂಡು ಗಾಬರಿಯಾಗುವ ಓದುಗರು ಒಂದು ಸಂಗತಿ ಗಮನಿಸಬೇಕು: ವೆಸ್ಸಿ ಎಣಿಸಿದ್ದು ಹೆರಿಗೆಯವರೆಗೆ. ಬಸಿರಿನ ಒಂಬತ್ತು ತಿಂಗಳೂ ಅದರಲ್ಲಿ ಸೇರಿವೆ. ಆಗಿನ ಮಾತ್ರೆಗಳಲ್ಲಿ ಹಾರ್ಮೋನಿನ ಪ್ರಮಾಣವೂ ಹೆಚ್ಚಿತ್ತು. ಎನೊವಿಡ್‌ನಲ್ಲಿ 150 ಮೈಕ್ರೊಗ್ರಾಂ ಈಸ್ಟ್ರೊಜೆನ್ ಇದ್ದರೆ ಮಾಲಾ-ಎನ್‌ನಲ್ಲಿರುವುದು ಬೇರೆ ಬಗೆಯ ಈಸ್ಟ್ರೊಜೆನ್, ಬರೀ 30 ಮೈಕ್ರೊಗ್ರಾಂ.

2002ರಲ್ಲಿ ಇಂಗ್ಲೆಂಡಿನ ಏವನ್ ಪ್ರದೇಶದ ಅಧ್ಯಯನ ಇನ್ನೊಂದು ತುದಿಗೆ ಹೋಯಿತು: ಐದು ವರ್ಷಕ್ಕಿಂತ ಹೆಚ್ಚು ಮಾತ್ರೆ ಬಳಸಿದವರಲ್ಲಿ ಬಸಿರು ತಡವಾಗುವುದು ಕಡಿಮೆ ಎಂದಿತು. ಇದನ್ನು ನೆಚ್ಚಿ ಮಾತ್ರೆ ನುಂಗಲು ಹೊರಡುವುದು ಜಾಣತನವಲ್ಲ. ಆ ಅಧ್ಯಯನಕ್ಕೆ ಸೇರಿದವರೆಲ್ಲ ಆಗಲೇ ಬಸಿರಾಗಿದ್ದವರು. ಬಸಿರಾಗದೇ ಹೋದವರು ಅದರ ಲೆಕ್ಕಕ್ಕೇ ಬಂದಿರಲಿಲ್ಲ. ಹೆಚ್ಚು ಭರವಸೆಯ ಚಿತ್ರ ಸಿಕ್ಕಿದ್ದು ಮಾತ್ರೆ ಬಿಟ್ಟ ದಿನದಿಂದಲೇ ಹಿಂಬಾಲಿಸಿದ ಅಧ್ಯಯನಗಳಿಂದ. ಯುರೋಪಿನ ಒಂದು ಅಧ್ಯಯನದಲ್ಲಿ ಮಗು ಬೇಕೆಂದು ಮಾತ್ರೆ ನಿಲ್ಲಿಸಿದ 2,064 ಮಹಿಳೆಯರ ಪೈಕಿ ಶೇ. 21.1 ಮಂದಿ ಮೊದಲ ಋತುಚಕ್ರದಲ್ಲೇ, ಶೇ. 79.4 ಮಂದಿ ವರ್ಷದೊಳಗೆ ಬಸಿರಾದರು. ಇದು 2009ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದ ಸುಮಾರು 18,000 ಮಹಿಳೆಯರನ್ನು ಕುರಿತ 2020ರ ವರದಿಯ ಪ್ರಕಾರ, ಮಾತ್ರೆ ಬಿಟ್ಟವರ ಫಲವತ್ತತೆ ಸುಮಾರು ಮೂರು ಋತುಚಕ್ರಗಳಲ್ಲಿ ಸಹಜಕ್ಕೆ ಬರುತ್ತದೆ. ಗರ್ಭನಿರೋಧಕ ಚುಚ್ಚುಮದ್ದು ಬಿಟ್ಟವರಿಗೆ ಐದರಿಂದ ಎಂಟು ಬೇಕಾಗುತ್ತದೆ.

ಮಾತ್ರೆ ಬಿಟ್ಟ ಮೇಲೆ ಮೂರು ತಿಂಗಳು ಬಸಿರು ಬೇಡವೆಂಬ ಹಳೆಯ ಸಲಹೆಗೆ ಎರಡು ಬೇರುಗಳಿದ್ದವು. ಕೊನೆಯ ಮುಟ್ಟಿನ ದಿನ ಖಚಿತವಿಲ್ಲದೆ ಹೆರಿಗೆಯ ದಿನ ಲೆಕ್ಕ ಹಾಕುವುದು ಕಷ್ಟವಾಗಿತ್ತು. 1970ರ ದಶಕದಲ್ಲಿ ಗ್ಲಾಸ್ಗೋದಲ್ಲಿ ರೂಢಿಗೆ ಬಂದ ಸ್ಕ್ಯಾನಿಂಗ್ ಅಳತೆ ಆ ತೊಡಕನ್ನು ಬಿಡಿಸಿತು. ಮಗುವಿಗೆ ಅಂಗವೈಕಲ್ಯ ಬಂದೀತೆಂಬ ಇನ್ನೊಂದು ಭಯವನ್ನು 8,80,694 ಜನನಗಳನ್ನು ಪರಿಶೀಲಿಸಿದ ಡೆನ್ಮಾರ್ಕಿನ 2016ರ ವರದಿ ನಿರಾಧಾರವೆಂದಿತು.

ಭಾರತದಲ್ಲಿ ಮಾತ್ರೆಯ ಬಳಕೆ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದನ್ನು ಬಳಸುವ ವಿವಾಹಿತ ಮಹಿಳೆಯರು ಶೇ. 5ರಷ್ಟಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ. 38ರಷ್ಟು. ಕರ್ನಾಟಕದಲ್ಲಿ 'ಆಪರೇಷನ್' ಪಾಲು ಇನ್ನೂ ದೊಡ್ಡದು. ಹೀಗಾಗಿ ಮಾತ್ರೆಯ ಮಾತು ಬರುವುದು ಹೆಚ್ಚಾಗಿ ಮೊದಲ ಮಗುವಿಗೂ ಎರಡನೆಯದಕ್ಕೂ ನಡುವಿನ ಅಂತರದಲ್ಲಿ. 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬಂದ 'ಅಂತರಾ' ಚುಚ್ಚುಮದ್ದಿನ ನಂತರ ಬಸಿರಿಗೆ ಕೊನೆಯ ಡೋಸಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಈ ತಡವನ್ನೇ ಮಾತ್ರೆಗೂ ಹಚ್ಚುವುದು ಸರಿಯಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ 'ಛಾಯಾ' ಮಾತ್ರೆ ಕೂಡ ಬೇರೆಯೇ ಬಗೆಯದು. ಅದರಲ್ಲಿ ಸ್ಟಿರಾಯ್ಡ್ ಹಾರ್ಮೋನೇ ಇಲ್ಲ.

ಮಾತ್ರೆ ಬಿಟ್ಟ ಮೇಲೆ ಮುಟ್ಟಿಗಾಗಿ ಕಾಯದೆಯೂ ಬಸಿರು ನಿಲ್ಲಬಹುದು. ಆದ್ದರಿಂದ ಮಗು ಬೇಕೆನ್ನುವವರು ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲೇ ಆರಂಭಿಸುವುದು ಒಳ್ಳೆಯದು. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಮೊದಲು ಬಸಿರಿನ ಪರೀಕ್ಷೆ ಮಾಡಿಸಿ, ಅಲ್ಲವೆಂದಾದರೆ ವೈದ್ಯರನ್ನು ಕಾಣಬೇಕು. ಒಂದು ವರ್ಷ ಪ್ರಯತ್ನಿಸಿಯೂ ಬಸಿರಾಗದಿದ್ದರೆ, 35 ದಾಟಿದವರಾದರೆ ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕು.