ಮಂಡಲರಚನೆಯೂ ಮಳಖೇಡದ ಗಣಿತವೂ

ವಯಸ್ಕರಿಗೆ ಮಂಡಲರಚನೆಯನ್ನು ಕಲಿಸುವ ವರ್ಗಗಳು ಈಚೆಗೆ ನಗರಗಳಲ್ಲಿ ನಡೆಯುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಲ್ಲಿ ಈ ವಿದ್ಯೆಯನ್ನು ಬಹುಮಟ್ಟಿಗೆ ಟಿಬೆಟ್ಟಿನದೆಂದು ಪರಿಚಯಿಸುವರು. ಮುಂಡಗೋಡ, ಬೈಲುಕುಪ್ಪೆಗಳ ಭಿಕ್ಷುಗಳು ಬಣ್ಣದ ಮರಳಿನಿಂದ ರಚಿಸುವ ಮಂಡಲವು ಅತ್ಯಂತ ಶ್ಲಾಘ್ಯವಾದುದು, ಸಂದೇಹವಿಲ್ಲ. ಆದರೂ ಸೇಡಂ, ಚಿತ್ತಾಪುರ ಸೀಮೆಯವರು ವೃತ್ತವಿದ್ಯೆಯನ್ನು ಪರರಿಂದ ಎರವಲು ತರಬೇಕಾದುದಿಲ್ಲ. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1994ರ ತರುವಾಯ ಉತ್ಖನನದಿಂದ ಬೆಳಕಿಗೆ ಬಂದ ಮಹಾಸ್ತೂಪದ ತಳವಿನ್ಯಾಸವೇ ವೃತ್ತಾಕಾರದ್ದು.

ಇದಕ್ಕಿಂತಲೂ ಮುಖ್ಯವಾದ ಸಾಕ್ಷ್ಯವು ಗ್ರಂಥರೂಪದಲ್ಲಿದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಷ್ಟೆ. ಅಲ್ಲಿ ಆಳಿದ ಅಮೋಘವರ್ಷನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ ಜೈನಪಂಡಿತ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವನ್ನು ಬರೆದನು. ಎಂ. ರಂಗಾಚಾರ್ಯರು ಇದನ್ನು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದರು. ಬಳೆಯಾಕಾರದ ನೇಮಿ, ಜವೆಗಾಳಿನ ಆಕಾರ, ಮೃದಂಗದ ಆಕಾರ, ವಜ್ರದ ಆಕಾರ ಇವೆಲ್ಲವುಗಳ ಕ್ಷೇತ್ರಫಲಕ್ಕೆ ಇದರಲ್ಲಿ ಸೂತ್ರಗಳುಂಟು. ಪರಿಧಿಯು ವ್ಯಾಸದ 3 ಪಟ್ಟೆಂಬುದು ಇಲ್ಲಿಯ ವ್ಯವಹಾರಗಣನೆ; 10ರ ವರ್ಗಮೂಲದಷ್ಟೆಂಬುದು ಸೂಕ್ಷ್ಮಗಣನೆ. (ಸೂಕ್ಷ್ಮವೆಂದರೂ ಇದು ನಿಜಕ್ಕಿಂತ ತುಸು ಹೆಚ್ಚೇ.)

ಸಮನಾದ ನಾಲ್ಕು ವೃತ್ತಗಳು ಒಂದನ್ನೊಂದು ಮುಟ್ಟಿದಾಗ ನಡುವೆ ನಾಲ್ಕು ಮೊನೆಯ ಎಡೆಯೊಂದು ಉಳಿಯುವುದು. ವ್ಯಾಸದ ವರ್ಗದಿಂದ ಒಂದು ವೃತ್ತದ ಫಲವನ್ನು ಕಳೆದರೆ ಅದರ ಅಳತೆ ದೊರೆಯುವುದೆಂದು ಆಚಾರ್ಯನ ಸೂತ್ರ. ಕೇಂದ್ರಗಳನ್ನು ಕೂಡಿಸಿದರೆ ಚೌಕವಾಗುವುದು. ಅದರೊಳಗೆ ಬೀಳುವ ನಾಲ್ಕು ಕಾಲುಭಾಗಗಳು ಸೇರಿ ಒಂದು ವೃತ್ತವಾಗುವುವು. ವ್ಯಾಸವು 14 ಅಂಗುಲವಾದರೆ ಈಗಿನ ಲೆಕ್ಕದಲ್ಲಿ 196ರಿಂದ ಸುಮಾರು 154 ಕಳೆದು 42 ಚದರಂಗುಲ ಉಳಿಯುವುದು.

ಅಚ್ಚಾದ ನಕ್ಷೆಗೆ ಬಣ್ಣ ತುಂಬಿಸುವುದನ್ನೇ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಶಹಾಬಾದಿನ ಹಾಸುಗಲ್ಲಿನ ಮೇಲೆ ದಾರ, ಸುಣ್ಣದ ಕಡ್ಡಿಗಳಿಂದ ಮೊದಲ ದಿನವೇ ಈ ಎಡೆಯನ್ನು ಬರೆಯಿಸತಕ್ಕದ್ದು. ಅಂಗಳದಲ್ಲಿ ರಂಗವಲ್ಲಿಯಿಕ್ಕುವ ಹೆಂಗಸರು ಅದನ್ನು ಕಂಡೊಡನೆ ಗುರುತಿಸುವರು.